ಸುಶೀಲಮ್ಮನವರ ಸಮುದ್ರದ ದಿನ

2023ರ ಡಿಸೆಂಬರ್‌ನಲ್ಲಿ ಒಂದು ಬೆಳಿಗ್ಗೆ ತಿಂಡಿಯಾದ ಮೇಲೆ, ಸಿಂಗಪುರದಿಂದ ಹೊರಟಿದ್ದ ಪ್ರವಾಸಿ ಹಡಗೊಂದರ ಮೇಲಿನ ಡೆಕ್ಕಿನಲ್ಲಿ, ಚಾಮರಾಜಪೇಟೆಯ ಸುಶೀಲಮ್ಮ ಒಂದು ಉದ್ದ ಕುರ್ಚಿಯಲ್ಲಿ ಕೂತು ಕಾಲು ಚಾಚಿದರು. ಆ ದಿನ ಹಡಗು ಯಾವ ಬಂದರಿಗೂ ಹೋಗುವುದಿರಲಿಲ್ಲ. ಸುತ್ತ ನೀರಲ್ಲದೆ ಬೇರೇನೂ ಕಾಣುತ್ತಿರಲಿಲ್ಲ.

ನಾನು ಗಾಂಧಿ ಬಜಾರಿನ ಹತ್ತಿರದ ಒಂದು ಪ್ರವಾಸ ಕಂಪನಿಯಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಟೂರ್ ಮ್ಯಾನೇಜರ್ ಆಗಿದ್ದವನು. ಅದಕ್ಕೂ ಮುಂಚೆ ಸ್ವಲ್ಪ ಕಾಲ ಒಂದು ಸಂಜೆ ಪತ್ರಿಕೆಯಲ್ಲಿ ವರದಿಗಾರನಾಗಿದ್ದೆ. ಆಗಿದ್ದನ್ನು ಮೊದಲು ಬರಿ, ನಿನಗೆ ಅನಿಸಿದ್ದನ್ನು ಜಾಗ ಉಳಿದರೆ ಬರಿ ಎಂದು ಅಲ್ಲಿ ಕಲಿಸಿದ್ದರು. ಈಗ ಈ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ಸಿಕ್ಕಾಗ, "ಸರ್, ಈ ಕೆಲಸ ಒಳಗಿಂದ ನಿಜವಾಗಿ ಹೇಗಿರುತ್ತೆ?" ಎಂದು ಕೇಳುತ್ತಾರೆ. ಅವರಿಗೆ ನಾನು ಹೇಳುವುದು ಆ ಕುರ್ಚಿಯ ವಿಷಯ. ಒಬ್ಬರು ಕುರ್ಚಿಯಲ್ಲಿ ಕೂತದ್ದು ಹೇಳುವಂಥ ಸಂಗತಿ ಹೇಗಾಯಿತು ಎಂದು ತಿಳಿಯಬೇಕಾದರೆ ಬಸ್ಸಿನಿಂದ ಶುರು ಮಾಡಬೇಕು.

ನಾನು ಸೇರಿದಾಗ ಕಂಪನಿಯಲ್ಲಿ ಇದ್ದದ್ದು ಯಾತ್ರೆಯ ಬಸ್ಸುಗಳು. ಕಾಶಿ, ರಾಮೇಶ್ವರ, ಬದರಿ. ಬರುತ್ತಿದ್ದವರು ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯ ಮೇಷ್ಟ್ರುಗಳು, ಬ್ಯಾಂಕಿನವರು, ಸರ್ಕಾರಿ ಗುಮಾಸ್ತರು ಮತ್ತು ಅವರ ಮನೆಯವರು. ಹೊರಗಿನ ಊಟ ಮುಟ್ಟದವರೇ ಹೆಚ್ಚು. ಆದ್ದರಿಂದ ಬಸ್ಸಿನ ಹಿಂದೆ ಒಲೆ, ಸಿಲಿಂಡರು, ದೊಡ್ಡ ಪಾತ್ರೆಗಳು, ಅಕ್ಕಿಪೇಟೆಯ ಅಕ್ಕಿ ಮೂಟೆಗಳು ಇರುತ್ತಿದ್ದವು. ಅವುಗಳ ಜೊತೆಗೆ ಅಡುಗೆಯ ಸುಶೀಲಮ್ಮ. ಬಸ್ಸು ನಿಂತ ಕೂಡಲೇ ಜನ ದೇವಸ್ಥಾನದ ಕಡೆ ನಡೆಯುತ್ತಿದ್ದರು, ಸುಶೀಲಮ್ಮ ಸೆರಗನ್ನು ಸೊಂಟಕ್ಕೆ ಸಿಗಿಸಿ ಒಲೆ ಹಚ್ಚುತ್ತಿದ್ದರು. ಜನ ದರ್ಶನ ಮುಗಿಸಿ ಬರುವ ಹೊತ್ತಿಗೆ ಬಿಸಿ ಅನ್ನ, ಹುಳಿ, ಹಪ್ಪಳ. ಎಲ್ಲರದ್ದೂ ಆದ ಮೇಲೆ ಅವರು ಬಸ್ಸಿನ ಮೆಟ್ಟಿಲ ಪಕ್ಕ ನಿಂತುಕೊಂಡೇ ತಿನ್ನುತ್ತಿದ್ದರು. ಅಷ್ಟರಲ್ಲಿ ನಾನು ಸೀಟಿ ಊದುತ್ತಿದ್ದೆ.

ಒಮ್ಮೆ ಹೊಸದಾಗಿ ಸೇರಿದ ಡ್ರೈವರ್ ಒಬ್ಬ, "ಅಮ್ಮಾ, ನೀವು ಎಷ್ಟು ಸಲ ತಾಜ್‌ಮಹಲ್ ನೋಡಿದೀರಿ?" ಎಂದು ಕೇಳಿದ.

"ತಾಜ್‌ಮಹಲ್ ಗೊತ್ತಿಲ್ಲಪ್ಪ. ಅದರ ಪಾರ್ಕಿಂಗ್ ಕೇಳು, ಯಾವ ಮರದ ಕೆಳಗೆ ನೆರಳು ಎಷ್ಟು ಹೊತ್ತಿಗೆ ಬರುತ್ತೆ ಅಂತ ಹೇಳ್ತೀನಿ. ನಲ್ಲಿ ಎಲ್ಲಿದೆ ಅಂತಾನೂ ಹೇಳ್ತೀನಿ" ಎಂದರು ಸುಶೀಲಮ್ಮ.

ಹರಿದ್ವಾರದಲ್ಲಿ ನಾನು ಮಾಡಿದ ಎಡವಟ್ಟನ್ನು ಕಂಪನಿಯಲ್ಲಿ ಈಗಲೂ ಹೇಳುತ್ತಾರೆ. ಹೊರಡುವ ಮುಂಚೆ ತಲೆ ಎಣಿಸುವುದು ನಮ್ಮ ಕೆಲಸದ ಮೊದಲ ಪಾಠ. ನಾನು ಎಣಿಸಿದೆ. ಪ್ಯಾಸೆಂಜರ್‌ಗಳು ಸರಿಯಾಗಿದ್ದರು. ಬಸ್ಸು ಹೊರಟಿತು. ಊರು ದಾಟಿ ಬಹಳ ದೂರ ಹೋದ ಮೇಲೆ ಹಿಂದಿನ ಸೀಟಿನಿಂದ ಯಾರೋ, "ಕಾಫಿ ಇನ್ನೂ ಬರ್ಲಿಲ್ವಲ್ಲ?" ಎಂದರು. ಆಗ ತಿಳಿಯಿತು. ಸುಶೀಲಮ್ಮ ಪಾತ್ರೆ ತೊಳೆಯಲು ಹೋಗಿದ್ದರು. ಅವರು ಸ್ಟಾಫ್, ನಾನು ಎಣಿಸಿದ್ದು ಪ್ಯಾಸೆಂಜರ್‌ಗಳನ್ನು. ಬಸ್ಸು ತಿರುಗಿಸಿಕೊಂಡು ಬಂದರೆ ಅವರು ಘಾಟಿನ ಮೇಲೆ ಕೊಳದಪ್ಪಲೆ ಬೋರಲು ಹಾಕಿ ಅದರ ಮೇಲೆ ಕೂತು ಕಡಲೆಕಾಯಿ ತಿನ್ನುತ್ತಿದ್ದರು. ನಾನು ಕೈ ಮುಗಿದೆ. ಅವರಿಗೆ ಕೋಪವೇ ಇರಲಿಲ್ಲ.

"ಯಾಕಪ್ಪ ಪ್ರಸನ್ನ ಇಷ್ಟು ಬೇಗ ಬಂದ್ಬಿಟ್ಟೆ? ಈಗ ತಾನೆ ಗಂಗೆ ನೋಡಕ್ಕೆ ಶುರು ಮಾಡಿದ್ದೆ."

ಅಂದಿನಿಂದ ಸ್ಟಾಫನ್ನೂ ಸೇರಿಸಿ ಎಣಿಸುವ ಪದ್ಧತಿ ಬಂತು. ಹೊಸಬರಿಗೆ ಈಗಲೂ ಹಾಗೆಯೇ ಹೇಳಿಕೊಡುತ್ತಾರೆ.

ನಮ್ಮ ಯಜಮಾನರ ಬಗ್ಗೆ ಹೇಳಬೇಕು. ಅವರದು ಒಂದೇ ಸೂತ್ರ. "ಖಾಲಿ ಬಿಟ್ಟರೆ ಕಂಪ್ಲೇಂಟು." ಪ್ಯಾಸೆಂಜರ್ ಸುಮ್ಮನೆ ಕೂತರೆ ಯೋಚಿಸುತ್ತಾನೆ, ಯೋಚಿಸಿದರೆ ಪಕ್ಕದ ಕಂಪನಿಯವರು ಇನ್ನೂ ಎರಡು ಜಾಗ ಜಾಸ್ತಿ ತೋರಿಸುತ್ತಾರೆಂದು ನೆನಪಾಗುತ್ತದೆ ಎನ್ನುವುದು ಅವರ ಲೆಕ್ಕ. ಬಸ್ಸಿನಲ್ಲಿ ಒಂದು ಗಂಟೆ ದಾರಿ ಇದ್ದರೂ ಭಜನೆ ಮಾಡಿಸುತ್ತಿದ್ದರು, ಇಲ್ಲವೇ ತಂಬೋಲಾ ಆಡಿಸುತ್ತಿದ್ದರು. ಆಮೇಲೆ ರೈಲು ಬಂತು, ವಿಮಾನ ಬಂತು, ಅಡುಗೆಗೆ ಆಯಾ ಊರಿನ ಹೋಟೆಲುಗಳು ಬಂದವು. ಯಜಮಾನರ ಸೂತ್ರ ಮಾತ್ರ ಬದಲಾಗಲಿಲ್ಲ.

ಸುಶೀಲಮ್ಮ ಮಂಡಿ ನೋವು ಬಂದ ಮೇಲೆ ಕೆಲಸ ಬಿಟ್ಟರು. ಚಾಮರಾಜಪೇಟೆಯ ಮನೆಯಲ್ಲಿ ಹಪ್ಪಳ, ಸಂಡಿಗೆ ಮಾಡಿ ಕೊಡುತ್ತಿದ್ದರು. ನಾವು ಮೊದಲ ಸಲ ಹಡಗಿನ ಟೂರ್ ಹಾಕಿದ ಸುದ್ದಿ ತಿಳಿದು ಒಂದು ದಿನ ಆಫೀಸಿಗೆ ಬಂದರು.

ಯಜಮಾನರಿಗೆ ಸಂತೋಷವಾಯಿತು. "ಬನ್ನಿ ಬನ್ನಿ ಸುಶೀಲಮ್ಮ. ನೀವು ಬರೋದಾದ್ರೆ ಟಿಕೆಟ್ ಯಾಕೆ? ಸ್ಟಾಫ್ ಅಂತ ಹಾಕ್ತೀನಿ. ಹಡಗಲ್ಲಿ ಅಡುಗೆ ಮಾಡಕ್ಕೆ ಬಿಡಲ್ಲ. ಸುಮ್ನೆ ಜೊತೇಲಿದ್ದು ಉಪ್ಪಿನಕಾಯಿ, ಚಟ್ನಿಪುಡಿ ನೋಡ್ಕೊಂಡ್ರೆ ಸಾಕು."

"ಬೇಡಿ ಯಜಮಾನ್ರೇ. ಪ್ಯಾಸೆಂಜರ್ ಅಂತಾನೇ ಬರ್ತೀನಿ."

"ಅಲ್ಲ, ಸುಮ್ನೆ ಖರ್ಚು..."

"ಇರಲಿ. ಸ್ಟಾಫ್ ಅಂದ್ರೆ ಉಪ್ಪಿನಕಾಯಿ ಅಂತೀರಿ, ಆಮೇಲೆ ಒಗ್ಗರಣೆ ಅಂತೀರಿ. ನನಗೆ ಗೊತ್ತಿಲ್ವಾ?"

ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ ನನ್ನ ಹತ್ತಿರ ಹೇಳಿದರು. "ಪ್ರಸನ್ನ, ಆ ಟೂರಲ್ಲಿ ಒಂದು ದಿನ ಏನೂ ಇಲ್ವಂತಲ್ಲ, ಎಲ್ಲೂ ಇಳಿಯೋ ಹಾಗೇ ಇಲ್ವಂತಲ್ಲ, ನಿಜಾನಾ?"

"ನಿಜ. ಅದನ್ನ ಸಮುದ್ರದ ದಿನ ಅಂತಾರೆ."

"ನನಗೆ ಬೇಕಾಗಿರೋದು ಆ ದಿನ. ಬೇರೆ ಊರೆಲ್ಲ ನೋಡಿದ್ರೂ ಸರಿ, ಬಿಟ್ರೂ ಸರಿ. ಅವತ್ತು ನಾನು ಕೂತ್ಕೋಬೇಕು. ಯಾರೂ ಏಳಿ ಅನ್ಬಾರದು. ಅಷ್ಟು ನೋಡ್ಕೊ."

ನೋಡಿಕೊಳ್ಳುತ್ತೇನೆ ಎಂದೆ. ಅದು ಎಷ್ಟು ಕಷ್ಟದ ಕೆಲಸವೆಂದು ಆಗ ಗೊತ್ತಿರಲಿಲ್ಲ.

ಹೊರಡುವ ವಾರ ಬಸವನಗುಡಿಯ ಒಂದು ಚಿಕ್ಕ ಸಭಾಂಗಣದಲ್ಲಿ ಎಲ್ಲರನ್ನೂ ಸೇರಿಸಿ ವಿವರ ಹೇಳುವುದು ರೂಢಿ. ಮಲ್ಲೇಶ್ವರದ ನಿವೃತ್ತ ಹೆಡ್‌ಮಾಸ್ತರ್ ಶ್ರೀಕಂಠಯ್ಯನವರು, ಅವರ ಹೆಂಡತಿ ಲಲಿತಮ್ಮ ಮುಂದಿನ ಸಾಲಿನಲ್ಲೇ ಕೂತಿದ್ದರು. ಇಬ್ಬರೂ ನಮ್ಮ ಹಳೆಯ ಗಿರಾಕಿಗಳು, ಸುಶೀಲಮ್ಮನ ಕೈಯ ಊಟ ಕಾಶಿಯವರೆಗೂ ಉಂಡವರು. ಶ್ರೀಕಂಠಯ್ಯನವರು ಕಾರ್ಯಕ್ರಮದ ಹಾಳೆ ಹಿಡಿದು ಎದ್ದು ನಿಂತರು.

"ಮೂರನೇ ದಿನದ ಎದುರಿಗೆ ಏನೂ ಬರೆದಿಲ್ಲವಲ್ಲ. ಅವತ್ತು ಏನು ತೋರಿಸ್ತೀರಿ?"

"ಸಮುದ್ರ ಸರ್."

"ಅದನ್ನ ಮೊದಲನೇ ದಿನಾನೇ ನೋಡಿರ್ತೀವಲ್ಲ?"

ಸಭೆ ನಕ್ಕಿತು. ಯಜಮಾನರು ನಗಲಿಲ್ಲ. ಅವತ್ತು ಸಂಜೆಯೇ ನನ್ನನ್ನು ಕೂರಿಸಿಕೊಂಡು ಮೂರನೇ ದಿನಕ್ಕೆ ಕಾರ್ಯಕ್ರಮ ಹಾಕಿಸಿದರು. ಬೆಳಿಗ್ಗೆ ಯೋಗಾಸನ, ವಿಷ್ಣು ಸಹಸ್ರನಾಮ, ತಂಬೋಲಾ, ಊಟ, ಅಂತ್ಯಾಕ್ಷರಿ, ರಸಪ್ರಶ್ನೆ. ನಡುವೆ ನೀರು ಕುಡಿಯಲೂ ಬಿಡುವಿರಲಿಲ್ಲ.

ಕಂಪನಿಯಿಂದ ಎಲ್ಲರಿಗೂ ಹಳದಿ ಟೋಪಿ ಕೊಡುತ್ತೇವೆ, ಗುಂಪಿನಲ್ಲಿ ಕಳೆದುಹೋದವರನ್ನು ಗುರುತಿಸಲು. ಸುಶೀಲಮ್ಮ ವರ್ಷಾನುಗಟ್ಟಲೆ ಆ ಟೋಪಿಗಳನ್ನು ಬಸ್ಸಿನಲ್ಲಿ ಹಂಚಿದ್ದವರು. ತಮ್ಮದನ್ನು ಸಿಂಗಪುರದ ಬಂದರಿನಲ್ಲಿ ತುರುಬಿನ ಮೇಲೆ ಹಾಕಿಕೊಂಡರು. ತುರುಬು ದೊಡ್ಡದು, ಟೋಪಿ ನಿಲ್ಲಲಿಲ್ಲ. ಹಿಂದಕ್ಕೆ ಸರಿಸಿ ಪಿನ್ನು ಹಾಕಿಕೊಂಡರು. ನಾನು ತಲೆ ಎಣಿಸುತ್ತಾ ಅವರ ಹತ್ತಿರ ಬಂದಾಗ ತಮ್ಮ ಸಂಖ್ಯೆಯನ್ನು ತಾವೇ ಗಟ್ಟಿಯಾಗಿ ಕೂಗಿದರು. ಪಕ್ಕದ ಸಾಲಿನ ಬೇರೆ ದೇಶದವರು ತಿರುಗಿ ನೋಡಿದರು.

ಮೊದಲ ಎರಡು ದಿನ ಬಂದರುಗಳಲ್ಲಿ ಇಳಿದೆವು, ನೋಡಿದೆವು, ಹತ್ತಿದೆವು. ಹಡಗಿನ ಊಟದಲ್ಲಿ ನಮ್ಮವರಿಗೆ ಸಸ್ಯಾಹಾರ ಇತ್ತು, ಧಾರಾಳವಾಗಿಯೂ ಇತ್ತು. ಅದರಲ್ಲಿ ಇಲ್ಲದಿದ್ದದ್ದು ಖಾರ ಮಾತ್ರ. ಎರಡನೆಯ ರಾತ್ರಿಯ ಹೊತ್ತಿಗೆ ಲಲಿತಮ್ಮ ದಾಲನ್ನು ಚಮಚದಲ್ಲಿ ಎತ್ತಿ ಬಟ್ಟಲಿಗೆ ಬಿಡುತ್ತಾ, ಮತ್ತೆ ಎತ್ತುತ್ತಾ ಕೂತಿದ್ದರು.

ಮೂರನೆಯ ದಿನ ಬೆಳಿಗ್ಗೆ ನಾನು ಕೆಳಗಿನ ಹಜಾರಕ್ಕೆ ಬಂದರೆ ನಮ್ಮ ಗುಂಪಿನ ಅರ್ಧ ಜನ ಹಳದಿ ಟೋಪಿ ಹಾಕಿಕೊಂಡು, ನೀರಿನ ಬಾಟಲಿ ಹಿಡಿದು, ಬೂಟು ಕಟ್ಟಿ ಸಾಲಾಗಿ ನಿಂತಿದ್ದರು.

"ಬಸ್ಸು ಎಷ್ಟೊತ್ತಿಗೆ ಪ್ರಸನ್ನ?"

"ಇವತ್ತು ಬಸ್ಸಿಲ್ಲ. ಇವತ್ತು ನೆಲಾನೇ ಇಲ್ಲ."

ಯಾರೂ ಕದಲಲಿಲ್ಲ. ಇಷ್ಟು ವರ್ಷ ನಾನೇ ಅವರನ್ನು ಹಾಗೆ ನಿಲ್ಲಲು ಅಭ್ಯಾಸ ಮಾಡಿಸಿದ್ದೆ. ಕೊನೆಗೆ ಯೋಗಾಸನವಿದೆ ಎಂದಾಗ ಕಷ್ಟಪಟ್ಟು ಚದುರಿದರು. ಶ್ರೀಕಂಠಯ್ಯನವರು ಮೇಲಿನ ಡೆಕ್ಕಿನಲ್ಲಿ ಸಂಧ್ಯಾವಂದನೆ ಮುಗಿಸಿ ಸಿಡುಕಿಕೊಂಡು ಇಳಿದು ಬಂದರು.

"ಏನ್ರೀ ಇದು. ಸೂರ್ಯನ ಎದುರಿಗೆ ಕೂತೆ. ಅರ್ಘ್ಯ ಬಿಡೋ ಹೊತ್ತಿಗೆ ಸೂರ್ಯ ಬೆನ್ನ ಹಿಂದೆ. ಹಡಗು ತಿರುಗಿಸೋ ಮುಂಚೆ ಹೇಳೋದು ಬೇಡ್ವಾ?"

"ಕ್ಯಾಪ್ಟನ್‌ಗೆ ಹೇಳ್ತೀನಿ ಸರ್."

"ಹೇಳಿ."

ತಿಂಡಿಯಾದ ಮೇಲೆ ಸುಶೀಲಮ್ಮ ಮೇಲೆ ಬಂದರು. ಉದ್ದ ಕುರ್ಚಿಗಳ ಸಾಲಿನಲ್ಲಿ ಕೊನೆಯದನ್ನು ಆರಿಸಿಕೊಂಡರು. ಮೊದಲು ಅಂಚಿನಲ್ಲಿ ಕೂತರು, ಬಸ್ಸು ಬಂದರೆ ಏಳಬೇಕು ಎನ್ನುವವರ ಹಾಗೆ. ಆಮೇಲೆ ಹಿಂದಕ್ಕೆ ಸರಿದರು. ಆಮೇಲೆ ಒಂದೊಂದಾಗಿ ಕಾಲು ಮೇಲೆತ್ತಿ ಚಾಚಿದರು. ಸೆರಗಿನಿಂದ ಪಾದ ಮುಚ್ಚಿಕೊಂಡರು. ಬಿಳಿ ಅಂಗಿಯ ಪರಿಚಾರಕನೊಬ್ಬ ಬಂದು ಏನು ಬೇಕೆಂದು ಕೇಳಿದಾಗ ಗಾಬರಿಯಾಗಿ ಏಳಲು ಹೋದರು. ನಾನು ಕೂರಿಸಿ ನಿಂಬೆಹಣ್ಣಿನ ಶರಬತ್ತು ತರಿಸಿದೆ.

"ಸುಶೀಲಮ್ಮ, ಸಹಸ್ರನಾಮ ಶುರುವಾಗುತ್ತೆ."

"ನೀವು ಹೇಳ್ಕೊಳ್ಳಿ. ನನಗೆ ಇಲ್ಲಿಗೇ ಕೇಳಿಸುತ್ತೆ."

ಸಹಸ್ರನಾಮ ಆಯಿತು. ತಂಬೋಲಾ ಶುರುವಾಗುವ ಹೊತ್ತಿಗೆ ಲಲಿತಮ್ಮ ಇನ್ನೂ ನಾಲ್ಕೈದು ಹೆಂಗಸರ ಜೊತೆ ಆ ಕುರ್ಚಿಯ ಹತ್ತಿರ ಬಂದರು. ಕೈಯಲ್ಲಿ ಗಾಂಧಿ ಬಜಾರಿನಿಂದ ತಂದ ಪುಳಿಯೋಗರೆ ಗೊಜ್ಜಿನ ಪೊಟ್ಟಣಗಳಿದ್ದವು. ಅಂಗಡಿಯಲ್ಲಿ ಸೀಲ್ ಮಾಡಿದ್ದರಿಂದ ಹಡಗಿನವರು ಬಿಟ್ಟಿದ್ದರು.

"ಸುಶೀಲಮ್ಮ, ನಾಲಿಗೆ ಸತ್ತೇ ಹೋಗಿದೆ ಕಣ್ರೀ. ಊಟದ ಕಡೆಯವರು ಬರೀ ಅನ್ನ ಕೊಡ್ತಾರಂತೆ, ಕೇಳಿದೀನಿ. ನೀವು ಒಂದ್ಸಲ ಕೈ ಆಡಿಸಿಬಿಡಿ. ಐದೇ ನಿಮಿಷ. ನಿಮ್ಮ ಕೈಯಲ್ಲಿ ಕಲಸಿದ ಹಾಗೆ ಯಾರಿಗೂ ಬರಲ್ಲ."

ಅವರು ಪ್ರೀತಿಯಿಂದಲೇ ಹೇಳಿದ್ದರು. ತೊಂದರೆ ಇದ್ದದ್ದೇ ಅಲ್ಲಿ. ಬೈದಿದ್ದರೆ ಸುಶೀಲಮ್ಮ ಏಳುತ್ತಿರಲಿಲ್ಲ. ಅವರು ಲಲಿತಮ್ಮನ ಮುಖ ನೋಡಿದರು, ಸಮುದ್ರ ನೋಡಿದರು. ಕಾಲು ಕೆಳಗಿಟ್ಟರು. ಅವರ ಬಲಗೈ ಸೆರಗಿನ ಕಡೆ ಹೋಯಿತು. ಸೆರಗು ಸೊಂಟಕ್ಕೆ ಸಿಕ್ಕಿದರೆ ದಿನ ಮುಗಿದ ಹಾಗೆ ಎಂದು ನನಗೆ ಗೊತ್ತಿತ್ತು.

ನಾನು ತಂಬೋಲಾ ಚೀಟಿಗಳನ್ನು ಅಲ್ಲೇ ಇಟ್ಟು ನಡುವೆ ಬಂದು ನಿಂತೆ.

"ಲಲಿತಮ್ಮ, ಸುಶೀಲಮ್ಮ ಈ ಟೂರಲ್ಲಿ ಪ್ಯಾಸೆಂಜರ್. ಪ್ಯಾಸೆಂಜರ್ ಕೈಲಿ ನಾವು ಕೆಲಸ ಮಾಡಿಸೋ ಹಾಗಿಲ್ಲ."

"ಅಯ್ಯೋ, ಇದೇನು ಕೆಲಸಾನಾ? ಕಲಸೋದು ತಾನೆ?"

ಆಗ ಶ್ರೀಕಂಠಯ್ಯನವರು ತಂಬೋಲಾ ಕಡೆಯಿಂದಲೇ ಬಾಯಿ ಹಾಕಿದರು. "ಸರಿಯಾಗಿ ಹೇಳ್ದೆ. ಕಲಸೋದು ತಾನೆ? ಅದೇನು ಬ್ರಹ್ಮವಿದ್ಯೆನಾ? ನಾನೇ ಕಲಸ್ತೀನಿ."

ಲಲಿತಮ್ಮ ನಗಲು ಶುರು ಮಾಡಿದವರು ನಿಲ್ಲಿಸಲಿಲ್ಲ.

"ನೀವಾ? ಹಾಲಿಟ್ಟಿದೀನಿ ನೋಡ್ಕೊಳ್ಳಿ ಅಂದ್ರೆ ಒಲೆ ಮುಂದೆ ನಿಂತ್ಕೊಂಡು ಪೇಪರ್ ಓದ್ತಾ ಉಕ್ಕಿಸೋರು ನೀವು!"

"ಹಾಲಿನ ಮಾತು ಬೇರೆ. ಬಾರಯ್ಯ ಪ್ರಸನ್ನ. ಇನ್ಯಾರು ಬರ್ತೀರಿ? ಗಂಡಸರೆಲ್ಲ ಬನ್ನಿ. ಹೆಂಗಸರು ಕೂತ್ಕೊಳ್ಳಿ, ಇವತ್ತು ಸಮುದ್ರದ ದಿನ."

ಊಟದ ಸಾಲೆ ಡೆಕ್ಕಿನ ಪಕ್ಕದಲ್ಲೇ ಇತ್ತು. ಅಲ್ಲಿಯ ಮುಖ್ಯಸ್ಥ ಒಳ್ಳೆಯ ಮನುಷ್ಯ. ಹೊರಗೆ ಒಂದು ಮೂಲೆಯ ಮೇಜು, ಎರಡು ದೊಡ್ಡ ಬೋಗುಣಿ, ಹಬೆಯಾಡುವ ಅನ್ನ ಕೊಟ್ಟ. ನಮ್ಮ ಗುಂಪಿನ ಗಂಡಸರು ಕೈ ತೊಳೆದು ಮೇಜಿನ ಸುತ್ತ ನಿಂತರು. ಅವರಲ್ಲಿ ಬ್ಯಾಂಕ್ ಮ್ಯಾನೇಜರ್ ಆಗಿದ್ದವರಿದ್ದರು, ಇಂಜಿನಿಯರ್ ಆಗಿದ್ದವರಿದ್ದರು. ಪುಳಿಯೋಗರೆಯನ್ನು ಎಲ್ಲರೂ ತಿಂದಿದ್ದರು. ಕಲಸುವುದನ್ನು ಕಂಡವರು ಕಡಿಮೆ.

ಅನ್ನ ಹರವಿ ಆರಿಸಬೇಕು. ಅದು ಯಾರಿಗೂ ನೆನಪಾಗಲಿಲ್ಲ. ಬಿಸಿ ಅನ್ನದ ಮೇಲೆಯೇ ಗೊಜ್ಜು ಬಿತ್ತು. ಶ್ರೀಕಂಠಯ್ಯನವರು ಕೈ ಹಾಕಿ, "ಅಬ್ಬಾ!" ಎಂದು ಎಳೆದುಕೊಂಡು ಊದಿದರು. ಬ್ಯಾಂಕಿನವರು ಚಮಚದಲ್ಲಿ ಕುಟ್ಟಿದರು. ಇನ್ನೊಬ್ಬರು ರುಚಿಗೆಂದು ಚಟ್ನಿಪುಡಿಯ ಪೊಟ್ಟಣ ಹರಿದರು, ಗಾಳಿಗೆ ಎದುರಾಗಿ ನಿಂತುಕೊಂಡು. ಸಮುದ್ರದ ಗಾಳಿ ಒಂದೇ ಬೀಸಿಗೆ ಪುಡಿಯನ್ನು ಎತ್ತಿ ಶ್ರೀಕಂಠಯ್ಯನವರ ಬಿಳಿ ಪಂಚೆಗೆ ಬಳಿಯಿತು. ಉಳಿದದ್ದು ಪಕ್ಕದಲ್ಲಿ ಮಲಗಿದ್ದ ಒಬ್ಬ ವಿದೇಶಿ ಮಹಿಳೆಯ ಹುಲ್ಲಿನ ಟೋಪಿಯ ಮೇಲೆ ಬಿತ್ತು. ಆಕೆ ಎದ್ದು ಕೂತು ಸೀನಿದರು, ಬೆರಳಿಂದ ಮುಟ್ಟಿ ನೆಕ್ಕಿ ನೋಡಿದರು, ಇದು ಏನು, ಇನ್ನೂ ಇದೆಯಾ ಎಂದು ನನ್ನನ್ನು ಕೇಳಿದರು.

ಹೆಂಗಸರು ಕುರ್ಚಿಗಳಲ್ಲಿ ಒಬ್ಬರ ಮೇಲೊಬ್ಬರು ಒರಗಿ ನಗುತ್ತಿದ್ದರು. "ಇನ್ನೂ ಕುಟ್ಟಿ, ಚೆನ್ನಾಗಿ ಹದ ಬರುತ್ತೆ, ಗೋಡೆಗೆ ಮೆತ್ತಬಹುದು!" ಎಂದು ಒಬ್ಬರು ಕೂಗಿದರು.

ನಾನು ನೋಡುತ್ತಿದ್ದದ್ದು ಸುಶೀಲಮ್ಮನನ್ನು. ಅವರು ನಗುತ್ತಿರಲಿಲ್ಲ. ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಮೇಜಿನ ಕಡೆಯೇ ನೋಡುತ್ತಿದ್ದರು. ಎರಡನೆಯ ಬೋಗುಣಿಯ ಅನ್ನಕ್ಕೂ ಗೊಜ್ಜು ಬೀಳುವುದರಲ್ಲಿತ್ತು.

"ಅಯ್ಯೋ, ಆರಲಿ ಇರಿ..." ಎಂದರು. ಎದ್ದು ನಿಂತರು.

ಮೇಜಿನ ಸುತ್ತ ಇದ್ದವರೆಲ್ಲ ಕೈ ನಿಲ್ಲಿಸಿದರು. ಶ್ರೀಕಂಠಯ್ಯನವರು ಮೊಣಕೈವರೆಗೆ ಗೊಜ್ಜಾಗಿದ್ದ ಕೈಯಲ್ಲೇ ಬೋಗುಣಿಯನ್ನು ಅವರ ಕಡೆ ಚಾಚಿದರು. "ಬನ್ನಿ ತಾಯಿ" ಎಂದರು. ಆ ದನಿಯಲ್ಲಿ ಹೆಡ್‌ಮಾಸ್ತರಿಕೆ ಸ್ವಲ್ಪವೂ ಉಳಿದಿರಲಿಲ್ಲ. ಅವರಾಗಿಯೇ ಹೋದರೆ ತಡೆಯಲು ನಾನು ಯಾರು?

ಸುಶೀಲಮ್ಮ ಸೆರಗು ಹಿಡಿದುಕೊಂಡರು. ಮೇಜು ನೋಡಿದರು. ಸೆರಗನ್ನು ಬಿಟ್ಟು ಬಗ್ಗಿ ಕುರ್ಚಿಯ ಅಂಚು ಹಿಡಿದುಕೊಂಡು ಎಳೆದರು. ಕುರ್ಚಿ ಕಿರ್ರೆಂದು ಅರ್ಧ ಸುತ್ತು ತಿರುಗಿತು. ಈಗ ಅದರ ಬೆನ್ನು ನಮ್ಮ ಕಡೆಗಿತ್ತು, ಮುಖ ನೀರಿನ ಕಡೆಗೆ. ಅವರು ಮತ್ತೆ ಕೂತು ಕಾಲು ಚಾಚಿದರು.

"ನೋಡಿದ್ರೆ ತಾನೆ ಸಂಕಟ" ಎಂದರು, ಸಮುದ್ರಕ್ಕೆ.

ಡೆಕ್ಕಿನ ಮೇಲೆ ಎದ್ದ ನಗು ಕೇಳಿ ಊಟದ ಸಾಲೆಯವರು ಬಾಗಿಲಿಗೆ ಬಂದರು.

ಕೊನೆಗೆ ಎರಡು ಬೋಗುಣಿ ಸಿದ್ಧವಾಯಿತು. ಮೊದಲ ತಟ್ಟೆಯನ್ನು ಶ್ರೀಕಂಠಯ್ಯನವರು ತಾವೇ ಬಡಿಸಿ, ಕುರ್ಚಿಯ ಮುಂದಕ್ಕೆ ಸುತ್ತಿ ಹೋಗಿ ಸುಶೀಲಮ್ಮನಿಗೆ ಕೊಟ್ಟರು. ಉಳಿದವರೆಲ್ಲ ತಟ್ಟೆ ಹಿಡಿದು ಕಾದೆವು. ಅವರು ಒಂದು ತುತ್ತು ಬಾಯಿಗೆ ಹಾಕಿಕೊಂಡರು. ಅಗಿಯುವ ಅಗತ್ಯ ಬಿದ್ದಂತೆ ಕಾಣಲಿಲ್ಲ.

"ಹೇಗಿದೆ?" ಎಂದರು ಶ್ರೀಕಂಠಯ್ಯ.

"ಮುದ್ದೆ ಚೆನ್ನಾಗಿದೆ ಮೇಷ್ಟ್ರೇ. ಸಾರು ಎಲ್ಲಿ?"

ತಟ್ಟೆ ಖಾಲಿ ಮಾಡಿದರು. ಇನ್ನೊಂದು ಸಲ ಹಾಕಿಸಿಕೊಂಡರು. ಎರಡೂ ಬೋಗುಣಿಯಲ್ಲಿ ಒಂದು ಅಗುಳೂ ಉಳಿಯಲಿಲ್ಲ. ಹುಲ್ಲಿನ ಟೋಪಿಯ ಮಹಿಳೆಯೂ ಒಂದು ತಟ್ಟೆ ತಿಂದರು.

ಮಧ್ಯಾಹ್ನ ಅಂತ್ಯಾಕ್ಷರಿಗೆ ಕರೆಯಲು ಹೋದರೆ ಸುಶೀಲಮ್ಮ ಹಳದಿ ಟೋಪಿಯನ್ನು ಮುಖದ ಮೇಲೆ ಇಟ್ಟುಕೊಂಡು ನಿದ್ದೆ ಮಾಡುತ್ತಿದ್ದರು. ಪಕ್ಕದ ಕುರ್ಚಿಯಲ್ಲಿ ಲಲಿತಮ್ಮ. ಅದರ ಪಕ್ಕ ಶ್ರೀಕಂಠಯ್ಯನವರು, ಕೆಂಪು ಕಲೆಯ ಪಂಚೆಯಲ್ಲೇ ಬಾಯಿ ತೆರೆದು ಮಲಗಿದ್ದರು. ಕುರ್ಚಿಗಳನ್ನೆಲ್ಲ ನೀರಿನ ಕಡೆಗೆ ತಿರುಗಿಸಿಕೊಂಡಿದ್ದರು. ಎಚ್ಚರವಿದ್ದ ಇಬ್ಬರು ಮೂವರು ನನ್ನ ಕೈಯಲ್ಲಿದ್ದ ಸೀಟಿ ನೋಡಿ, ಊದಬೇಡ ಎಂದು ಸನ್ನೆ ಮಾಡಿದರು. ಸೀಟಿಯನ್ನು ಜೇಬಿಗೆ ಹಾಕಿಕೊಂಡೆ. ಕೆಲಸಕ್ಕೆ ಸೇರಿದ ಮೇಲೆ ಟೂರಿನ ನಡುವೆ ನಾನು ಕೂತದ್ದು ಅದೇ ಮೊದಲು. ನೀರು ಮೊದಲು ನೀಲಿಯಿತ್ತು, ಆಮೇಲೆ ಹಸಿರಾಯಿತು, ಸಂಜೆಯ ಹೊತ್ತಿಗೆ ಹಿತ್ತಾಳೆಯ ಬಣ್ಣಕ್ಕೆ ತಿರುಗಿತು. ದೂರದಲ್ಲಿ ಒಂದು ಸರಕು ಹಡಗು ಹೋಯಿತು. ಬಹಳ ಹೊತ್ತು ಅದನ್ನೇ ನೋಡಿದೆವು.

ಯಜಮಾನರಿಂದ ಫೋನಿಗೆ ಸಂದೇಶ ಬಂದಿತ್ತು. "ಪ್ರೋಗ್ರಾಂ ಎಲ್ಲಿಗೆ ಬಂತು?"

"ಪ್ರೋಗ್ರಾಂ ನಿಂತಿದೆ. ಎಲ್ಲರೂ ಖಾಲಿ ಕೂತಿದ್ದಾರೆ" ಎಂದು ಬರೆದೆ.

"ಕಂಪ್ಲೇಂಟು?"

"ಒಂದಿದೆ. ಅರ್ಘ್ಯದ ಹೊತ್ತಿಗೆ ಹಡಗು ತಿರುಗಿಸಬಾರದಂತೆ."

ಸೂರ್ಯ ಮುಳುಗುವಾಗ ಸುಶೀಲಮ್ಮ ಎದ್ದರು. ಕೆಳಗೆ ಹೋಗುವ ಮುಂಚೆ ನನ್ನ ಹತ್ತಿರ ನಿಂತು, "ಗಂಗೆಗಿಂತ ಜಾಸ್ತಿ ಹೊತ್ತು ಸಿಕ್ಕಿತು ಕಣಪ್ಪ" ಎಂದರು.

ಮುಂದಿನ ವರ್ಷದ ಕಾರ್ಯಕ್ರಮದ ಹಾಳೆಯಲ್ಲಿ ಯಜಮಾನರು ಸಮುದ್ರದ ದಿನದ ಎದುರಿನ ಜಾಗವನ್ನು ಖಾಲಿ ಬಿಡಿಸಿದರು. ನಾನು ಆ ವರ್ಷವೇ ನಿವೃತ್ತನಾದೆ. ಹಡಗಿನ ಟೂರುಗಳಲ್ಲಿ ಗಂಡಸರು ಪುಳಿಯೋಗರೆ ಕಲಸುವುದು ಈಗ ರೂಢಿಯಾಗಿದೆ. ಅನ್ನವನ್ನು ಆರಿಸುತ್ತಾರೆ ಎಂದು ಕೇಳಿದ್ದೇನೆ.

ಸುಶೀಲಮ್ಮ ಕಳೆದ ತಿಂಗಳು ಆಫೀಸಿಗೆ ಹೋಗಿ ಇನ್ನೊಂದು ಹಡಗಿಗೆ ಬುಕ್ ಮಾಡಿದ್ದಾರೆ. ಶ್ರೀಕಂಠಯ್ಯನವರೂ ಲಲಿತಮ್ಮನೂ ಬರುತ್ತಾರೆ. ಎರಡು ಟೂರುಗಳ ವಿವರ ಕೊಟ್ಟಾಗ ಸುಶೀಲಮ್ಮ ಆರಿಸಿದ್ದು ಬಂದರುಗಳು ಕಡಿಮೆ ಇರುವುದನ್ನು. ಅದರಲ್ಲಿ ಸಮುದ್ರದ ದಿನ ಎರಡಿವೆ.